ಇಡೆಲಾಳ ಕಡವು

ಮಟಪೊನೈ ನದಿಯ ದಂಡೆಯಲ್ಲಿರುವ ಮೂಲನಿವಾಸಿಗಳ ಆ ಸಣ್ಣ ಊರಿನಲ್ಲಿ ಇಡೆಲಾಳ ಬಾಯಿಗೆ ಹೆದರದವರಿಲ್ಲ. ನದಿಯ ನೀರನ್ನು ಪಟ್ಟಣಕ್ಕೆ ಎಳೆದುಕೊಳ್ಳಲು ಬಂದವರ ವಿರುದ್ಧ ವರ್ಷಗಟ್ಟಲೆ ಬೀದಿಯಲ್ಲಿ ಕೂತವಳು. ಪೊಲೀಸರು ಹೊತ್ತುಕೊಂಡು ಹೋಗಿ ವ್ಯಾನಿಗೆ ಹಾಕುವಾಗ, "ನನ್ ಬೂಟು ಅಲ್ಲೇ ಬಿತ್ತು, ಎತ್ಕೊಂಡ್ ಬಾ" ಎಂದು ಅವರಿಗೇ ಕೆಲಸ ಹೇಳಿದವಳು. ನೀರು ಉಳಿಯಿತು, ಅವಳ ಮಂಡಿ ಹೋಯಿತು. ಆದರೂ ವಸಂತ ಬಂದರೆ ಕಡವಿನಿಂದ ದೋಣಿ ಇಳಿಸಿ ಶ್ಯಾಡ್ ಮೀನಿಗೆ ಬಲೆ ಬಿಡುತ್ತಾಳೆ.

ಈಗ ಆ ಕಡವಿಗೇ ಸಂಚಕಾರ ಬಂದಿತ್ತು. ನಾನೂರು ವರ್ಷದ ಹಿಂದೆ ಇಂಗ್ಲಿಷ್ ಕ್ಯಾಪ್ಟನ್ನೊಬ್ಬ ದೋಣಿಯಲ್ಲಿ ಬಂದು ಈ ಸೀಮೆಯ ನದಿಗಳ ನಕ್ಷೆ ಬರೆದಿದ್ದ. ಅವನು ಅಲೆದ ದಾರಿಯನ್ನು ಸರ್ಕಾರ ಜಲಮಾರ್ಗ ಎಂದು ಗುರುತು ಮಾಡಿ, ಹುಟ್ಟು ಹಾಕುತ್ತ ಬರುವ ಪ್ರವಾಸಿಗಳ ತಂಗುದಾಣಕ್ಕೆ ಊರಿನ ಕಡವನ್ನು ಕೇಳಿತು. ಒಂದು ವಸಂತ ನೋಡೋಣ, ಆಮೇಲೆ ತೀರ್ಮಾನ ಎಂದಿತು ಊರಸಭೆ. ಬಲೆ ಬಿಡುವ ಹೊತ್ತಿಗೆ ಕಡವಿನ ತುಂಬ ಬಣ್ಣದ ದೋಣಿಗಳು ನಿಂತರೆ ತನ್ನ ಮೀನುಗಾರಿಕೆ ಮುಗಿದಂತೆಯೇ ಎಂದು ಇಡೆಲಾಗೆ ಗೊತ್ತಿತ್ತು.

"ಅವ್ನಿಗೆ ದಾರಿ ತೋರ್ಸಿದ್ದು ನಮ್ಮೋರು. ಹಸ್ದು ಬಂದಾಗ ಮೆಕ್ಕೆಜೋಳ ಕೊಟ್ಟಿದ್ದೂ ನಮ್ಮೋರೇ. ದಾರಿ ಮಾತ್ರ ಅವಂದಾ?" ಎಂದಳು ಸಭೆಯಲ್ಲಿ.

"ಬರೋರು ಅವ್ನ ಸೈನ್ಯ ಅಲ್ಲ ಅತ್ತೆ, ರಿಟೈರಾದ ಮೇಷ್ಟ್ರುಗಳು," ಎಂದ ತಮ್ಮನ ಮಗ ವೆಂಡೆಲ್. ಬಲೆಯ ಕೆಲಸದಲ್ಲಿ ಅವಳಿಗೆ ಜೊತೆಗಾರ ಅವನೇ.

ಏಪ್ರಿಲ್‌ನ ಒಂದು ಮಧ್ಯಾಹ್ನ ಮೊದಲ ತಂಡ ಬಂತು. ಎರಡು ದೋಣಿ, ನಾಲ್ಕು ಜನ. ಮುಂದಾಳು ಮಾರ್ಲಿಸ್ ಎಂಬ ದುಂಡನೆಯ ಹೆಂಗಸು.

"ಇಳಿತ ಯಾವಾಗ ಶುರುವಾಗುತ್ತೆ ಅಮ್ಮ? ನಮ್ಮತ್ರ ಇರೋದು ನದಿ ಸಮುದ್ರ ಸೇರೋ ಕಡೆಯ ಉಬ್ಬರ-ಇಳಿತದ ಲೆಕ್ಕ," ಎಂದಳು ಅವಳು.

"ಸಂಜೆತನಕ ತುಂಬೇ ಇರುತ್ತೆ. ಆಚೆ ದಂಡೆ ಜೊಂಡಿನ ಹಿಂದೆ ಮರದಲ್ಲಿ ಹದ್ದಿನ ಗೂಡಿದೆ, ನಿಧಾನಕ್ಕೆ ನೋಡ್ಕೊಂಡ್ ಬನ್ನಿ," ಎಂದಳು ಇಡೆಲಾ.

ಅಪ್ಪಟ ಸುಳ್ಳು. ನೀರು ಆಗಲೇ ಇಳಿಯತೊಡಗಿತ್ತು. ಒಂದು ಸಂಜೆ ಕೆಸರಿನಲ್ಲಿ ಹೂತು ಕೂತರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವಳ ಎಣಿಕೆ.

ಆ ಎಣಿಕೆಯಲ್ಲಿ ತನ್ನ ಬಲೆಯನ್ನೇ ಮರೆತಿದ್ದಳು. ಇಳಿತದ ಕೊನೆಯಲ್ಲಿ ಬಲೆಯನ್ನು ನದಿಗೆ ಅಡ್ಡಲಾಗಿ ಬಿಟ್ಟು, ನೀರಿನ ಜೊತೆ ಕೆಳಕ್ಕೆ ತೇಲಿಕೊಂಡು ಹೋಗುವುದು ಅವರ ಪದ್ಧತಿ. ತಿರುವಿನಲ್ಲಿ ಅದರ ತುದಿ ಆಚೆ ದಂಡೆಯನ್ನು ಸವರಿಕೊಂಡೇ ಸಾಗುತ್ತದೆ. ಆ ಸಂಜೆ ಇಡೆಲಾ, ವೆಂಡೆಲ್ ತಮ್ಮ ದೋಣಿಯಿಂದ ಬಿಟ್ಟ ಬಲೆ ಸೀದಾ ಹೋಗಿ ಕೆಸರಲ್ಲಿ ಹೂತಿದ್ದ ದೋಣಿಗಳಿಗೆ ಸುತ್ತಿಕೊಂಡಿತು. ಬಲೆಯ ತುಂಬ ಶ್ಯಾಡ್ ಒದ್ದಾಡುತ್ತಿದ್ದವು.

"ಸಂಜೆತನಕ ತುಂಬಿರುತ್ತೆ ಅಂದ್ರಲ್ಲ," ಎಂದಳು ಮಾರ್ಲಿಸ್. ಅವಳ ಮೂಗಿನ ಮೇಲೂ ಕೆಸರಿತ್ತು.

ವೆಂಡೆಲ್ ಅತ್ತೆಯ ಕಡೆ ತಿರುಗಿದ. "ಹಾಗಂದ್ಯಾ?"

"ಬೈಯೋದು ಆಮೇಲೆ ಬೈಯ್ರಿ. ಮೀನು ಸಾಯೋದ್ರೊಳಗೆ ಮೊಟ್ಟೆ ಹಿಂಡ್ಬೇಕು. ಎಲ್ರೂ ಇಳ್ದು ಬಲೆ ಎತ್ತಿ."

ನದಿಯ ಪಾಲನ್ನು ನದಿಗೆ ಕೊಡದೆ ಆ ಊರಿನಲ್ಲಿ ಶ್ಯಾಡ್ ಬಾಣಲೆಗೆ ಬೀಳುವುದಿಲ್ಲ. ಜೀವವಿರುವಾಗಲೇ ಹೆಣ್ಣುಮೀನಿನ ಹೊಟ್ಟೆ ನೀವಿ ಮೊಟ್ಟೆಯನ್ನು ಬಕೆಟ್ಟಿಗೆ ಇಳಿಸಿ, ಮೇಲೆ ಗಂಡುಮೀನಿನ ಬೀಜ ಹಿಂಡಿ, ಕೈಯಾಡಿಸಿ, ಮರಿ ಮಾಡುವ ಶೆಡ್ಡಿಗೆ ಒಯ್ಯುತ್ತಾರೆ. ಮರಿಗಳು ಮತ್ತೆ ನದಿಗೆ.

ನಾಲ್ವರೂ ಸೊಂಟದುದ್ದ ಕೆಸರಿಗೆ ಇಳಿದರು. ಒಬ್ಬನ ಚಪ್ಪಲಿ ಶಾಶ್ವತವಾಗಿ ನದಿಯ ಪಾಲಾಯಿತು. ಮಾರ್ಲಿಸ್ ಹಿಡಿದ ಮೀನು ಅವಳ ಕೆನ್ನೆಗೆ ಬಾಲದಿಂದ ಬಾರಿಸಿತು.

"ಮಗು ಎತ್ಕೊಂಡಂಗೆ ಎತ್ಕೊಳ್ಳಿ," ಎಂದಳು ಇಡೆಲಾ.

"ನನ್ ಮಕ್ಳೂ ಹಿಂಗೇ ಬಾರಿಸ್ತಿದ್ರು," ಎಂದಳು ಮಾರ್ಲಿಸ್. ಮೀನನ್ನು ಮಾತ್ರ ಬಿಡಲಿಲ್ಲ.

ಒಂದು ಎಳೆಯೂ ಹರಿಯದೆ ಬಲೆ ಬಿಡಿಸಿಕೊಂಡಿತು. ಬಕೆಟ್ಟುಗಳು ತುಂಬಿದವು. ಉಬ್ಬರ ಮರಳಿ ದೋಣಿಗಳು ತೇಲಿದ ಮೇಲೆ ಎಲ್ಲರೂ ಕಡವಿಗೆ ಬಂದರು. ಇಡೆಲಾ ಮೆಕ್ಕೆಜೋಳದ ಹಿಟ್ಟು ಸವರಿ ಮೀನು ಕರಿದು, ದೊಡ್ಡ ತುಂಡನ್ನು ಮಾರ್ಲಿಸ್‌ಗೆ ಬಡಿಸಿದಳು.

"ಇದ್ರಲ್ಲಿ ಮುಳ್ಳು ಜಾಸ್ತಿ. ಇದು ಸುಳ್ಳಲ್ಲ."

ವಸಂತ ಮುಗಿದು ಸಭೆ ಸೇರಿದಾಗ ಎಲ್ಲರೂ ಇಡೆಲಾಳ ಮುಖ ನೋಡಿದರು.

"ಬರ್ಲಿ. ಬಲೆ ಹೊತ್ನಲ್ಲಿ ಬಂದೋರು ಬಲೆ ಎಳೀಬೇಕು. ಆಗಲ್ಲ ಅನ್ನೋರಿಗೆ ಕಡವಿಲ್ಲ."

"ನೀರಿನ ಹೊತ್ತು ಅವ್ರಿಗೆ ಯಾರ್ ಹೇಳ್ತಾರೆ ಅತ್ತೆ?" ಎಂದ ವೆಂಡೆಲ್.

"ನಾನೇ."

ಸಭೆ ಬಿದ್ದು ಬಿದ್ದು ನಕ್ಕಿತು. ಷರತ್ತೂ ಪಾಸಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಇಡೆಲಾ ದೋಣಿಯಲ್ಲಿ ಕಾಲು ಚಾಚಿ ಕೂತು, ಮಂಡಿ ನೀವಿಕೊಳ್ಳುತ್ತ, ಕ್ಯಾಪ್ಟನ್ನನ ದಾರಿ ಹಿಡಿದು ಬಂದ ಮೇಷ್ಟ್ರುಗಳಿಗೆ ಬಲೆ ಎಳೆಯುವುದು ಹೇಗೆಂದು ಬೈದು ಬೈದು ಕಲಿಸುತ್ತಿದ್ದಳು.