ಮಾಸಿನ ಕುಡಿಕೆಯಲ್ಲಿ ಹತ್ತಿ

ನಾನು ನರ್ಸಾಗಿದ್ದೆ ಅಂದರೆ ಸಾಕು, ಜನ ಕೈ ಮುಗಿಯುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನವರು ವಿನಯ ಅಂದುಕೊಳ್ಳುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಅದು ನಾಚಿಕೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನ್ಯಾಮತಿಯಲ್ಲಿ ನಾಲ್ಕು ಮಂಚದ ಒಂದು ಖಾಸಗಿ ಹೆರಿಗೆ ಮನೆ ಇತ್ತು, ಈಗಿಲ್ಲ. ಡಾಕ್ಟರಮ್ಮ ವಾರಕ್ಕೆ ಮೂರು ದಿನ ಬರುತ್ತಿದ್ದರು, ಉಳಿದ ದಿನ ಎಲ್ಲಕ್ಕೂ ನಾನೇ. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಆ ಸೀಮೆಯ ಜನ ನಮಗೆ ಬಿಟ್ಟು ಹೋಗುತ್ತಿರಲಿಲ್ಲ. ಹೊಸ ಮಣ್ಣಿನ ಕುಡಿಕೆ ತರುತ್ತಿದ್ದರು. ನಾನು ಮಾಸನ್ನು ಅದರೊಳಗೆ ಹಾಕಿ, ಬಾಯಿಗೆ ಬಿಳಿ ಬಟ್ಟೆ ಬಿಗಿದು ಕೊಡಬೇಕು. ಅವರು ಊರಿಗೊಯ್ದು ಹಿತ್ತಲಲ್ಲಿ ಗುಂಡಿ ತೋಡಿ, ಅರಿಶಿನ ಕುಂಕುಮ ಇಟ್ಟು ಹೂಳುತ್ತಿದ್ದರು. ಕಟ್ಟಿದ ಕುಡಿಕೆಯನ್ನು ಯಾರೂ ಬಿಚ್ಚುವಂತಿರಲಿಲ್ಲ. ಮಕ್ಕಳಿಲ್ಲದವಳು ಮಾಸನ್ನು ಕದ್ದು ತಿಂದರೆ ಅವಳ ಹೊಟ್ಟೆ ಫಲಿಸುತ್ತದೆ, ಹುಟ್ಟಿದ ಕೂಸು ಸೊರಗುತ್ತದೆ ಎಂದು ಎಲ್ಲರೂ ನಂಬಿದ್ದರು.

ಹೀಗಿರುವಾಗ ದೊಡ್ಡ ಊರಿನಿಂದ ಒಬ್ಬ ಸಂಶೋಧಕ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಬಿಗುಮಾನವಿಲ್ಲದ ಮನುಷ್ಯ. "ಸಿಸ್ಟರ್, ಮಾಸಿನಲ್ಲಿ ಪ್ರೋಟೀನಿನ ಚಿಕ್ಕ ಚಿಕ್ಕ ತುಂಡುಗಳಿವೆ, ಪೆಪ್ಟೈಡ್ ಅಂತ ಕರೀತೀವಿ. ಗಾಯ ಕೂಡಿಕೊಳ್ಳೋದಕ್ಕೆ ಅವು ನೆರವಾಗ್ತವೆ ಅಂತ ನನ್ನ ಅನುಮಾನ. ಸುಟ್ಟ ಗಾಯಕ್ಕೆ, ಮಾಗದ ಹುಣ್ಣಿಗೆ ಹಚ್ಚಿ ನೋಡ್ತಾ ಇದೀನಿ. ವಯಸ್ಸಾದವರ ಚರ್ಮಕ್ಕೂ ಆದೀತು," ಎಂದರು. ಮಾಸು ತಾಜಾ ಬೇಕು, ಐಸು ತುಂಬಿದ ಥರ್ಮಾಸಿನಲ್ಲಿಟ್ಟಿದ್ದರೆ ಮಂಗಳವಾರ ಬಂದು ಒಯ್ಯುತ್ತೇನೆ ಎಂದರು. "ಕೇಳಿ, ಒಪ್ಪಿದವರಿಂದ ಮಾತ್ರ ತಗೊಳ್ಳಿ," ಎಂದು ಎರಡು ಸಲ ಹೇಳಿದರು. ಇದನ್ನು ಬರೆಯಲೇಬೇಕು, ತಪ್ಪು ಆ ಮನುಷ್ಯನದಲ್ಲ.

ನಾನು ಕೇಳಿದೆ. ಮೊದಲನೇ ಮನೆಯವರು ನಕ್ಕರು, ಎರಡನೇ ಮನೆಯವರು ಉಗಿದರು. ಮಂಗಳವಾರ ಬಂತು, ಥರ್ಮಾಸು ಖಾಲಿ. ಪಾಪ, ಆತ ಬೇಜಾರು ತೋರಿಸದೆ, "ನೀವಿಲ್ಲದೆ ಈ ಕೆಲಸ ಆಗಲ್ಲ ಸಿಸ್ಟರ್," ಎಂದುಬಿಟ್ಟರು. ಅಲ್ಲಿಯವರೆಗೆ ನನಗೆ ಹಾಗೆ ಯಾರೂ ಹೇಳಿರಲಿಲ್ಲ. ಬಿಸಿನೀರು ತಾ, ಬಟ್ಟೆ ತೆಗಿ, ಇಷ್ಟೇ ಕೇಳಿದ್ದ ಕಿವಿ ನನ್ನದು. ಆ ಒಂದು ಮಾತಿಗೆ ಉಬ್ಬಿಹೋದೆ.

ಮುಂದಿನ ಹೆರಿಗೆಯಲ್ಲಿ ಮಾಸು ಥರ್ಮಾಸಿಗೆ ಹೋಯಿತು. ಕುಡಿಕೆಗೆ ರಕ್ತದಲ್ಲಿ ನೆನೆದ ಹತ್ತಿ, ಬಟ್ಟೆ ತುರುಕಿ ಬಾಯಿ ಬಿಗಿದೆ. ಹೇಗೂ ಯಾರೂ ಬಿಚ್ಚಿ ನೋಡುವುದಿಲ್ಲವಲ್ಲ. ಎಷ್ಟು ಸಲ ಹೀಗೆ ಮಾಡಿದೆ ಎಂದು ಕೇಳಬೇಡಿ. ಡಾಕ್ಟರು ಹುಣ್ಣಿನ ರೋಗಿಗಳಿಗೆ ಹಚ್ಚಲೆಂದು ಕೊಟ್ಟಿದ್ದ ಮುಲಾಮನ್ನು ಬಾಗಿಲು ಹಾಕಿಕೊಂಡು ನನ್ನ ಕೆನ್ನೆಗೂ ತಿಕ್ಕಿಕೊಂಡಿದ್ದೇನೆ. ನಲವತ್ತು ದಾಟಿತ್ತು, ಕಣ್ಣಂಚಿನಲ್ಲಿ ನೆರಿಗೆ ಬಿದ್ದಿತ್ತು. ಥೂ, ನೆನೆದರೆ ಮೈ ಉರಿಯುತ್ತದೆ.

ಸಾಸ್ವೆಹಳ್ಳಿ ಕಡೆಯ ಒಂದು ಮನೆಯವರು ಕಿರಿ ಸೊಸೆಯನ್ನು ಹೆರಿಗೆಗೆ ತಂದರು. ಅವಳ ಬಟ್ಟೆ ಒಗೆದು, ಗಂಜಿ ಕುಡಿಸಿ, ಮೂರು ದಿನ ಮಂಚದ ಕೆಳಗೆ ಮಲಗಿ ನೋಡಿಕೊಂಡವಳು ಹಿರಿ ಸೊಸೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಕೂಸನ್ನು ಎತ್ತಿಕೊಂಡರೆ ಕೆಳಗಿಳಿಸಲು ಒಪ್ಪುತ್ತಿರಲಿಲ್ಲ. "ಅದಕ್ಕೂ ಹಸಿವಾಗ್ತೈತೆ, ತಾಯಿಗೆ ಕೊಡವ್ವ," ಎಂದು ನಾನೇ ರೇಗಿಸಿದ್ದೆ. ಹೊರಡುವಾಗ ಅತ್ತೆ ಕೂಸನ್ನು ಎತ್ತಿಕೊಂಡಳು, ಕುಡಿಕೆಯನ್ನು ನಾನು ಹಿರಿ ಸೊಸೆಯ ಕೈಗೆ ಕೊಟ್ಟೆ.

ವಾರದೊಳಗೆ ಅತ್ತೆ, ಹಿರಿಮಗ, ಹಿರಿ ಸೊಸೆ ಮೂವರೂ ವಾಪಸು ಬಂದರು. ನಾಯಿ ಹಿತ್ತಲ ಗುಂಡಿ ಕೆದರಿ ಕುಡಿಕೆ ಒಡೆದಿತ್ತು. ಒಳಗೆ ಬರೀ ಹತ್ತಿ. ಅದೇ ಹೊತ್ತಿಗೆ ಕೂಸಿಗೆ ಭೇದಿ ಹತ್ತಿತ್ತು. ಇನ್ನೇನು ಬೇಕು? ದಾರಿಯಲ್ಲಿ ಕುಡಿಕೆ ಹಿಡಿದಿದ್ದವಳು ಬಂಜೆ. ಊರೆಲ್ಲ ಅದೇ ಮಾತಾಗಿತ್ತು.

"ನರ್ಸಮ್ಮ, ನಿಮ್ಮ ಕೈಯಾರೆ ಕಟ್ಟಿ ಕೊಟ್ರಿ. ಅದ್ರಾಗೆ ಏನಿತ್ತು ಅಂತ ಒಂದು ಮಾತು ಹೇಳ್ರಿ," ಎಂದಳು ಹಿರಿ ಸೊಸೆ. ಅಳುತ್ತಿರಲಿಲ್ಲ. ನಾನು ನಿಜ ಹೇಳುತ್ತೇನೆಂದು ಪೂರ್ತಿ ನಂಬಿದ್ದಳು.

ಅವತ್ತು ಸೋಮವಾರ. ನನ್ನ ಬೆನ್ನ ಹಿಂದಿನ ಗೂಡಿನಲ್ಲಿ ಥರ್ಮಾಸು ಇತ್ತು, ಅದರೊಳಗೆ ಇನ್ನೊಬ್ಬಳ ಮಾಸಿತ್ತು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಊರು ಹೆರಿಗೆ ಮನೆಗೆ ಕಲ್ಲು ಹೊಡೆಯುತ್ತದೆ, ಡಾಕ್ಟರಿಗೆ ನನ್ನ ಮೋಸ ಗೊತ್ತಾಗುತ್ತದೆ. ಮೂರರಲ್ಲಿ ನನಗೆ ಹೆಚ್ಚು ಹೆದರಿಕೆಯಾದದ್ದು ಕೊನೆಯದಕ್ಕೆ.

"ಮಾಸೇ ಇತ್ತು. ನಾನ್ಯಾಕೆ ಹತ್ತಿ ಕಟ್ಟಿ ಕೊಡ್ಲಿ?" ಎಂದೆ. ದನಿಯನ್ನೂ ಏರಿಸಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಕೇಳಿದೇನೋ?" ಎಂದು ಅತ್ತೆ ಮಗನ ಕಡೆ ತಿರುಗಿದಳು. ಅವನು ಹೊರಗೆ ಹೋಗಿ ಬೀಡಿ ಹಚ್ಚಿದ. ಆ ವಾರವೇ ಅವಳನ್ನು ಜಗಳೂರಿನ ತವರಿಗೆ ಬಿಟ್ಟು ಬಂದರು ಎಂದು ಆಮೇಲೆ ತಿಳಿಯಿತು. ಕೂಸು ಚೆನ್ನಾಗಿಯೇ ಬೆಳೆಯಿತು. ಡಾಕ್ಟರಿಗೆ ನಾನು, ಜನ ಒಪ್ಪುತ್ತಿಲ್ಲ ಎಂದಷ್ಟೇ ಹೇಳಿದೆ. ಅವರು ನಂಬಿ, ಬರುವುದನ್ನು ನಿಲ್ಲಿಸಿದರು.

ಜಗಳೂರಿಗೆ ಹೋಗಲು ನನಗೆ ಏಳು ವರ್ಷ ಹಿಡಿಯಿತು. ಹಿರಿ ಸೊಸೆ ತನ್ನಣ್ಣನ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗುರುತು ಹಿಡಿದಳು. ಮಣೆ ಹಾಕಿದಳು, ನೀರು ಕೊಟ್ಟಳು. ನಾನು ಅಳುತ್ತಲೇ ಎಲ್ಲವನ್ನೂ ಹೇಳಿದೆ. ಮೊರ ಆಡಿಸುತ್ತಲೇ ಕೇಳಿದಳು.

"ನಂಗ್ಯಾಕೆ ಹೇಳ್ತೀರಿ ನರ್ಸಮ್ಮ? ನಾನು ಕದ್ದಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು," ಎಂದಳು.

ಒಳಗಿನಿಂದ ಕೂಸೊಂದು ಅತ್ತಿತು. "ಅಣ್ಣನ ಸೊಸೆ ಬಾಣಂತಿ. ಮೂರು ತಿಂಗಳಾತು, ಇನ್ನೂ ಕೂಸನ್ನ ನನ್ನ ಕೈಗೆ ಕೊಟ್ಟಿಲ್ಲ. ಒಳಗೆ ಬರ್ರಿ, ಅವರ ಮುಂದೆ ಹೇಳ್ರಿ. ಆಮೇಲೆ ನಮ್ಮತ್ತೆ ಮುಂದೆ ಹೇಳ್ರಿ, ಇನ್ನೂ ಬದುಕ್ಯಾಳೆ."

"ಮೊದಲು ಸಾಸ್ವೆಹಳ್ಳಿಗೇ ಹೋಗ್ತೀನವ್ವ. ಅಲ್ಲಿ ಹೇಳೋದೇ ಸರಿ. ಅಲ್ಲಿಂದ ಸುದ್ದಿ ಇಲ್ಲಿಗೂ ಬರ್ತೈತೆ," ಎಂದೆ. ಆ ಹೊಸಿಲು ದಾಟುವ ಧೈರ್ಯ ನನಗಿರಲಿಲ್ಲ.

"ಹಂಗೇ ಮಾಡ್ರಿ," ಎಂದು ಬಸ್ಸಿನ ತನಕ ಬಂದು ಕಳಿಸಿದಳು. ಕಿಟಕಿಯ ಹತ್ತಿರ ನಿಂತು, "ಇವತ್ತೇ ಹೋಗ್ತೀರಲ್ಲ?" ಎಂದು ಕೇಳಿದಳು. ಹೂಂ ಎಂದೆ.

ಹೊನ್ನಾಳಿಯಲ್ಲಿ ಇಳಿದಾಗ ಸಾಸ್ವೆಹಳ್ಳಿಯ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದ. ನಾನು ನ್ಯಾಮತಿಯ ಬಸ್ಸು ಹತ್ತಿದೆ. ನಾಳೆ ಹೋದರಾಯಿತು ಅಂದುಕೊಂಡೆ. ಮರುವರ್ಷ ಆ ಅತ್ತೆ ತೀರಿಕೊಂಡಳೆಂದು ಯಾರೋ ಹೇಳಿದರು. ಕೇಳಿದ ಕೂಡಲೇ ನನಗೆ ಮೊದಲು ಆದದ್ದು ಸಮಾಧಾನ.