ಅತ್ತಿಗೆ ಕೈಯಿಟ್ಟ ಪಿಕಪ್ ಏರು ಹತ್ತಿದ ಬೆಳಗು

ಬೆಳಗಿನ ಐದೂವರೆ. ತಗಡಿನ ಶೆಡ್ಡಿನಲ್ಲಿ ಪಿಕಪ್ ಗಾಡಿಯೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಅದರೊಳಗೆ ಬಗ್ಗಿರುವ ಹೆಂಗಸು ಡೀಸೆಲ್ ಫಿಲ್ಟರಿನ ಮೇಲಿರುವ ಪುಟ್ಟ ಕೈಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಾರೆ. ನೂರಾ ಹನ್ನೊಂದು, ನೂರಾ ಹನ್ನೆರಡು. ಅವರ ಬಗ್ಗೆ ಬರೆಯಲು ಬಂದ ನಾನು ನಮಸ್ಕಾರ ಎಂದರೆ, "ಸ್ವಲ್ಪ ಇರಿ, ಲೆಕ್ಕ ತಪ್ಪುತ್ತೆ" ಎಂದು ಗದರುತ್ತಾರೆ. ನಮ್ಮ ಮಾತುಕತೆ ಶುರುವಾಗುವುದೇ ಹೀಗೆ, ಬೈಸಿಕೊಂಡು.

ಡ್ರೈವರುಗಳೆಲ್ಲ ಇವರನ್ನು ಕರೆಯುವುದು ಅತ್ತಿಗೆ ಎಂದೇ. ವಯಸ್ಸು ಐವತ್ತೊಂದು. ಶೆಡ್ಡು ಮೈದುನನದು. ಹತ್ತೊಂಬತ್ತು ವರ್ಷದ ಹಿಂದೆ ಅವನಿಗೆ ಊಟದ ಡಬ್ಬಿ ಕೊಡಲು ಬರುತ್ತಿದ್ದವರು, ಸ್ಪಾನರ್ ಎತ್ತಿಕೊಡುತ್ತ ಎತ್ತಿಕೊಡುತ್ತ ತಾವೇ ಬೋಲ್ಟು ಬಿಚ್ಚತೊಡಗಿದರು. ಈಗ ಮೈದುನನಿಗೆ ಸೊಂಟ ನೋವು. ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಸಲಹೆ ಕೊಡುವುದಷ್ಟೇ ಅವನ ಕೆಲಸ. "ಅವನ ಬಾಯಿಗೇನೂ ನೋವಿಲ್ಲ ನೋಡಿ" ಎಂದು ಅತ್ತಿಗೆ ನಗುತ್ತಾರೆ. ದಿನಕ್ಕೆ ಮೂರು ಗಾಡಿ, ಹೆಚ್ಚೆಂದರೆ ನಾಲ್ಕು.

ಇವತ್ತಿನ ಗಾಡಿ ಮಾತ್ರ ಮರ್ಯಾದೆಯ ಪ್ರಶ್ನೆ. ಕುಡಿಯುವ ನೀರಿನ ಕ್ಯಾನು ಸಾಗಿಸುವ ಈ ಪಿಕಪ್ಪಿಗೆ ನಾಲ್ಕು ತಿಂಗಳ ಹಿಂದೆ ಇವರೇ ಹೊಸ ಇಂಜೆಕ್ಟರ್ ಹಾಕಿದ್ದರು. ಇಂಜಿನ್ನಿನೊಳಗೆ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸುವ ಮೂತಿ ಅದು. ಕಣ್ಣಿಗೆ ಕಾಣದ ಕಸ ಸಿಕ್ಕಿದರೂ ಅದರ ಕಥೆ ಮುಗಿಯಿತು. ಮೊನ್ನೆ ಏರು ರಸ್ತೆಯ ನಟ್ಟನಡುವೆ ಗಾಡಿ ಕಪ್ಪು ಹೊಗೆ ಕಕ್ಕಿ ನಿಂತೇಬಿಟ್ಟಿತು. "ಹೆಂಗಸರ ಕೈಗೆ ಇಂಜಿನ್ ಕೊಟ್ರೆ ಇನ್ನೇನಾಗುತ್ತೆ?" ಎಂದು ಗಾಡಿ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಆಡಿಕೊಂಡರು. ಗಾಡಿಯವನೂ ಬೇಸತ್ತಿದ್ದ. "ಅತ್ತಿಗೆ, ಇನ್ನೊಂದ್ಸಲ ನಿಂತ್ರೆ ಗುಜರಿಗೆ ಹಾಕ್ತೀನಿ. ಆಮೇಲೆ ನಾನು ಯಾರದೋ ಗಾಡಿ ಓಡಿಸ್ಬೇಕು, ಅಷ್ಟೇ."

ಅತ್ತಿಗೆ ಹಳೆಯ ಫಿಲ್ಟರ್ ಕೊಯ್ದು, ಒಳಗಿನ ಕಾಗದವನ್ನು ಬಿಳಿ ತಟ್ಟೆಯ ಮೇಲೆ ಹರಡಿ ನೋಡಿದರು. ಕಾಗದ ಕಸವನ್ನು ಚೆನ್ನಾಗಿಯೇ ತಡೆದಿತ್ತು. ಹಾಗಾದರೆ ಇಂಜೆಕ್ಟರಿಗೆ ಕಸ ಹೋದದ್ದೆಲ್ಲಿಂದ? ಆಗ ನೆನಪಾಯಿತು. ಬೇಗ ಸ್ಟಾರ್ಟ್ ಆಗಲಿ ಎಂದು, ಇಂಜೆಕ್ಟರ್ ಹಾಕಿದ ದಿನ ಹೊಸ ಫಿಲ್ಟರಿಗೆ ಡಬ್ಬದಿಂದ ಡೀಸೆಲ್ ಸುರಿದು ಕೂರಿಸಿದ್ದರು. "ನಡುವಿನ ತೂತಿಂದ ಸುರಿದ್ರೆ ಅದು ಸೋಸೋದೇ ಇಲ್ಲ, ಕಸ ಸಮೇತ ನೇರ ಇಂಜೆಕ್ಟರಿಗೇ ಹೋಗುತ್ತೆ. ಗೊತ್ತಿದ್ದೂ ಅವಸರ ಮಾಡ್ದೆ. ತಪ್ಪು ನಂದೇ." ಈ ಮಾತನ್ನು ಅವರು ಸ್ಟ್ಯಾಂಡಿಗೇ ಹೋಗಿ, ಆಡಿಕೊಂಡವರ ಎದುರೇ ಹೇಳಿ ಬಂದರು. ಅಬ್ಬಾ, ನಮ್ಮಲ್ಲಿ ಎಷ್ಟು ಜನರಿಗಿದೆ ಈ ಎದೆಗಾರಿಕೆ!

ಈ ಸಲ ಟ್ಯಾಂಕ್ ಇಳಿಸಿ ತೊಳೆದಿದ್ದಾರೆ. ಪೈಪುಗಳಿಗೆ ಗಾಳಿ ಹೊಡೆದಿದ್ದಾರೆ. ನಾಲ್ಕೂ ಇಂಜೆಕ್ಟರ್ ಬದಲಿಸಿ, ಡೀಸೆಲಿನಿಂದ ನೀರು ಬೇರ್ಪಡಿಸುವ ಬಟ್ಟಲನ್ನೂ ಜೋಡಿಸಿದ್ದಾರೆ. ಫಿಲ್ಟರನ್ನು ಖಾಲಿಯಾಗಿಯೇ ಕೂರಿಸಿ, ಟ್ಯಾಂಕಿನ ಡೀಸೆಲ್ ಸೋಸಿಕೊಂಡೇ ಬರಲಿ ಎಂದು ಪಂಪು ಒತ್ತುತ್ತಿದ್ದಾರೆ.

"ಅತ್ತಿಗೆ, ಒಂಚೂರು ಸುರಿದ್ಬಿಡಿ, ಬೆರಳು ಬಿದ್ದುಹೋಗುತ್ತೆ" ಎಂದು ಸ್ಟೂಲಿನಿಂದ ಸಲಹೆ ಬರುತ್ತದೆ.

"ನೀನು ಬಾಯಿ ಮುಚ್ಕೊಂಡು ಕೂತ್ಕೋ."

ಇನ್ನೂರ ಅರವತ್ತಕ್ಕೆ ಡೀಸೆಲ್ ತುಂಬಿ ಪಂಪು ಗಟ್ಟಿಯಾಗುತ್ತದೆ. ಕೀಲಿ ತಿರುಗಿಸಿದರೆ ಇಂಜಿನ್ ಒಂದು ಸಲ ಕೆಮ್ಮಿ ಎದ್ದು ಕೂರುತ್ತದೆ.

ಅರವತ್ತು ಕ್ಯಾನು ಹೇರಿಕೊಂಡು ಹೊರಡುವಾಗ ಅತ್ತಿಗೆಯೂ ಹತ್ತಿ ಕೂರುತ್ತಾರೆ. ನಡುವೆ ನಾನು. ಏರಿನ ಬುಡದಲ್ಲೇ ಸ್ಟ್ಯಾಂಡು. ಅಲ್ಲಿದ್ದವರೆಲ್ಲ ಎದ್ದು ನಿಂತು ನೋಡುತ್ತಾರೆ. ಗಾಡಿಯವನ ಕೈ ಗೇರಿನತ್ತ ಹೋಗುತ್ತದೆ. "ಮೂರರಲ್ಲೇ ಇರ್ಲಿ, ಇಳಿಸ್ಬೇಡ" ಎನ್ನುತ್ತಾರೆ ಅತ್ತಿಗೆ. ಮೊನ್ನೆ ನಿಂತಿದ್ದ ಜಾಗ ಬರುತ್ತದೆ, ಹಿಂದೆ ಉಳಿಯುತ್ತದೆ. ಹೊಗೆಯ ಸುಳಿವೂ ಇಲ್ಲ. "ಹತ್ತಿಬಿಡ್ತು ಅತ್ತಿಗೆ, ಹತ್ತೇಬಿಡ್ತು!" ಎಂದು ಅವನು ಕೂಗುತ್ತಾನೆ, ಕಣ್ಣಲ್ಲಿ ನೀರು. ಕೆಳಗಿನ ಸ್ಟ್ಯಾಂಡಿನಿಂದ ಶಿಳ್ಳೆಯೋ ಶಿಳ್ಳೆ. ನಾನೂ ನಾಚಿಕೆ ಬಿಟ್ಟು ಚಪ್ಪಾಳೆ ತಟ್ಟುತ್ತೇನೆ.

ಏರಿನ ತುದಿಯಲ್ಲಿ ಇಳಿದಾಗ, ನಿಮಗೇನಾದರೂ ಆಸೆ ಇದೆಯೇ ಎಂದು ಅತ್ತಿಗೆಯನ್ನು ಕೇಳುತ್ತೇನೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಗಾಡಿಯವನ ಕಡೆ ತಿರುಗುತ್ತಾರೆ.

"ಈ ಗಾಡಿ ಮತ್ತೆ ನನ್ನ ಶೆಡ್ಡಿನೊಳಗೆ ಬರಬಾರ್ದು, ಅಷ್ಟೇ ಆಸೆ. ನೀನು ಮಾತ್ರ ಬರ್ತಾ ಇರಪ್ಪ, ಟೀ ಕುಡ್ಕೊಂಡು ಹೋಗು. ಗಾಡೀನ ರಸ್ತೇಲೇ ನಿಲ್ಸು."