ಎರಡನೆಯ ಪುಟದ ದೇವಕಿಯಕ್ಕ

ವಕೀಲೆ ದೇವಕಿಯಕ್ಕನ ಮೇಜಿನ ಮೇಲೆ ನಮ್ಮ ಪೇಟೆಯ ಆಡಳಿತದ ಉಪವಿಧಿಗಳ ಪುಸ್ತಕವೊಂದು ಇರುತ್ತಿತ್ತು. ಅದರ ಉಳಿದ ಹಾಳೆಗಳೆಲ್ಲ ಅಂಗಡಿಯಿಂದ ತಂದಾಗಿನಷ್ಟೇ ಬಿಳಿ. ಎರಡನೆಯ ಪುಟ ಮಾತ್ರ ಬೆರಳ ಎಣ್ಣೆ ಹೀರಿ ಹೀರಿ ಕಂದುಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಬದಿಯ ಅಕ್ಷರ ಕಾಣುವಷ್ಟು ತೆಳುವಾಗಿತ್ತು. ಅದು ಪರಿಭಾಷೆಗಳ ಪುಟ. ಈ ಊರಿನಲ್ಲಿ ಕಟ್ಟಡ ಎಂದರೆ ಯಾವುದು, ರಸ್ತೆ ಎಂದರೆ ಎಲ್ಲಿಯವರೆಗೆ, ಮಾಲೀಕ ಎಂದರೆ ಯಾರು ಎಂದು ಹೇಳುವ ಪುಟ. ಬಂದವರು ತಮ್ಮ ಕಷ್ಟವನ್ನೆಲ್ಲ ಹೇಳಿ ಮುಗಿಸುವ ತನಕ ದೇವಕಿಯಕ್ಕ ಸುಮ್ಮನಿರುತ್ತಿದ್ದರು. ಆಮೇಲೆ ಕನ್ನಡಕ ಏರಿಸಿಕೊಂಡು ಆ ಪುಟ ತೆರೆಯುತ್ತಿದ್ದರು.

"ದಂಡ ಎಷ್ಟು ಅಂತ ಮತ್ತೆ ನೋಡುವ. ನಿಮ್ಮದು ಗೋಡೆಯೋ ಅಲ್ಲವೋ, ಅದು ಮೊದಲು ಆಗ್ಲಿ."

ಪುತ್ತೂರಿನ ಆ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ನನ್ನದು ಅವರ ಪಕ್ಕದ ಕೋಣೆ. ಮನೆಗಳ ಪ್ಲಾನ್ ಹಾಕಿಕೊಡುವುದು ನನ್ನ ಕೆಲಸ. ನಡುವೆ ಇದ್ದದ್ದು ಪ್ಲೈವುಡ್ಡಿನ ಅಡ್ಡಗೋಡೆ. ಅವರು ಹೇಳಿದ ಮಾತೆಲ್ಲ ನನಗೆ ಕೇಳುತ್ತಿತ್ತು. ಅವರ ಊರು ಪಂಜ. ತಂಗಿಯ ಫೋನ್ ಬಂದರೆ ಅರೆಭಾಷೆ, ಮೆಟ್ಟಿಲಲ್ಲಿ ಸಿಕ್ಕವರ ಹತ್ತಿರ ತುಳು, ಮೇಜಿನ ಹಿಂದೆ ಕನ್ನಡ. ಮದುವೆಯಾಗಿರಲಿಲ್ಲ. ಕಚೇರಿಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಒಂದು ಚಾಪೆ, ಒಂದು ಗ್ಯಾಸ್ ಒಲೆ ಇಟ್ಟುಕೊಂಡು ಅಲ್ಲಿಯೇ ವಾಸವಾಗಿದ್ದರು.

ಎರಡನೆಯ ಪುಟದ ಮೊದಲ ಸಾಲು ಅವರಿಗೆ ಬಹಳ ಇಷ್ಟ. ಕೆಳಗಿನ ಪದಗಳಿಗೆಲ್ಲ ಇಂಥಿಂಥ ಅರ್ಥ, 'ಸಂದರ್ಭವು ಅನ್ಯಥಾ ಅಗತ್ಯಪಡಿಸದ ಹೊರತು' ಎನ್ನುವ ಸಾಲು. ಕಾನೂನು ಬರೆದವರು ತಮಗೆ ಎಲ್ಲವೂ ಗೊತ್ತಿಲ್ಲ ಎಂದು ಒಪ್ಪಿಕೊಂಡ ಜಾಗ ಅದೊಂದೇ ಎಂದು ಹೇಳುತ್ತಿದ್ದರು. ಕೆಳಗಿನ ಹೋಟೆಲಿನ ಭಟ್ಟರಿಗೂ ಆ ಸಾಲು ಬಾಯಿಪಾಠವಾಗಿತ್ತು. ದೇವಕಿಯಕ್ಕನಿಗೆ ಚಾ ಎಂದರೆ ಸಕ್ಕರೆ ಇಲ್ಲದ್ದು. ಕೇಸು ಗೆದ್ದ ದಿನ ಮಾತ್ರ ಎರಡು ಚಮಚ. ಭಟ್ಟರು ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು, "ಇವತ್ತು ಸಂದರ್ಭ ಹೇಗುಂಟು ಅಕ್ಕ?"

ಒಮ್ಮೆ ಬಸ್ ನಿಲ್ದಾಣದ ಹತ್ತಿರ ಮಲ್ಲಿಗೆ ಮಾರುವ ಲೀಲಕ್ಕನಿಗೆ ನೋಟಿಸು ಬಂತು. ಆಕೆ ನೆರಳಿಗೆ ಊರಿಕೊಂಡಿದ್ದ ದೊಡ್ಡ ಕೊಡೆ ಅನಧಿಕೃತ ಕಟ್ಟಡವಂತೆ. ವಿಚಾರಣೆಯ ದಿನ ದೇವಕಿಯಕ್ಕ ಆ ಕೊಡೆಯನ್ನೇ ಹೊತ್ತುಕೊಂಡು ಹೋಗಿ ಪೇಟೆ ಆಡಳಿತದ ಅಧಿಕಾರಿಯ ಕೋಣೆಯಲ್ಲಿ ಬಿಡಿಸಿದರು. ಫೈಲುಗಳ ಮೇಲೆಲ್ಲ ಒಣಗಿದ ಮಲ್ಲಿಗೆ ಬಿತ್ತು. ಆಮೇಲೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕೇಳಿದರು.

"ಮಡಚಿ ಮನೆಗೆ ತಕೊಂಡು ಹೋಗುವ ಕಟ್ಟಡ ನೀವು ಎಲ್ಲಿಯಾದ್ರೂ ನೋಡಿದ್ದೀರಾ ಸಾರ್?"

ಅವತ್ತು ಎರಡು ಚಮಚ ಸಕ್ಕರೆಯ ಚಾ.

ಇನ್ನು ಐಸಮ್ಮನ ವಿಷಯ. ಇದನ್ನು ನಾನು ನಿಧಾನವಾಗಿ, ಕಂಡಷ್ಟನ್ನೇ ಬರೆಯಬೇಕು.

ಐಸಮ್ಮ ಬಂದದ್ದು ಮಳೆಗಾಲ ಹತ್ತಿರವಾಗಿದ್ದಾಗ. ಕಬಕದ ಕಡೆಗೆ ಹೋಗುವಲ್ಲಿ ಒಂದು ಏರಿನ ಮೇಲೆ ಅವರ ಪುಟ್ಟ ಮನೆ. ಗಂಡ ತೀರಿಕೊಂಡಿದ್ದರು, ಮಗಳನ್ನು ವಿಟ್ಲದ ಕಡೆ ಕೊಟ್ಟಿದ್ದರು. ಬೀಡಿ ಕಟ್ಟಿ ಒಬ್ಬರೇ ಇದ್ದರು. ಏರಿನ ಕೆಳಗಿನ ಜಾಗ ಕೊಂಡ ವಿಠಲಣ್ಣ ಎನ್ನುವವರು ಅಂಗಡಿ ಸಾಲು ಕಟ್ಟಲು ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿಸಿದ್ದರು. ಕಡಿದ ಬರೆಯ, ಎಂದರೆ ಆ ನೆಟ್ಟನೆ ಮಣ್ಣಿನ ಗೋಡೆಯ, ಅಂಚು ಐಸಮ್ಮನ ಅಡಿಗೆಕೋಣೆಯ ಹತ್ತಿರಕ್ಕೆ ಬಂದಿತ್ತು. ಮೇಲಿನ ಕೆಂಪು ಮುರಕಲ್ಲು ಗಟ್ಟಿಯಾಗಿದ್ದರೆ ಬರೆ ತಾನಾಗಿ ನಿಲ್ಲುತ್ತದೆ ಎಂದು ನಮ್ಮ ಕಡೆಯವರು ನಂಬುತ್ತಾರೆ. ಆ ಕಲ್ಲಿನ ಕೆಳಗಿರುವುದು ಶೇಡಿ, ನೀರು ತಾಗಿದರೆ ಬೆಣ್ಣೆಯ ಹಾಗೆ ಜಾರುವ ಬಿಳಿ ಮಣ್ಣು.

ಉಪವಿಧಿಯ ಪ್ರಕಾರ ವಾಸದ ಮನೆಯ ಪಕ್ಕದಲ್ಲಿ ಮಣ್ಣು ಕಡಿಯಬೇಕಾದರೆ ಮೊದಲು ತಡೆಗೋಡೆ ಕಟ್ಟಬೇಕು. ಖಾಲಿ ಬಿದ್ದ ಮನೆಗೆ ಆ ರಕ್ಷಣೆ ಇಲ್ಲ.

"ನೀವು ಮಲಗುದು ಎಲ್ಲಿ ಐಸಮ್ಮ?" ದೇವಕಿಯಕ್ಕ ಕೇಳಿದ್ದು ನನಗೆ ಕೇಳಿಸಿತು.

"ಅಡಿಗೆಕೋಣೆಯಲ್ಲಿ ಅಕ್ಕ. ಅಲ್ಲಿ ಸ್ವಲ್ಪ ಗಾಳಿ ಬರ್ತದೆ."

"ಬರೆ ಯಾವ ಬದಿ?"

"ಅದೇ ಬದಿ."

ಪುಸ್ತಕ ಮುಚ್ಚಿದ ಸದ್ದಾಯಿತು. ಓದದೆ ಅವರು ಆ ಪುಸ್ತಕ ಮುಚ್ಚಿದ್ದು ಅದೇ ಮೊದಲು.

"ಇವತ್ತೇ ಮಗಳ ಮನೆಗೆ ಹೋಗಿ."

"ಹೋಗ್ಲಿಕ್ಕೆ ಆಗುದಿಲ್ಲ ಅಕ್ಕ. ನಾನು ಹೊರಟರೆ ಮನೆ ಖಾಲಿ ಅಂತ ಆಗ್ತದಂತೆ. ಮತ್ತೆ ಗೋಡೆಯೂ ಇಲ್ಲ, ಎಂತದೂ ಇಲ್ಲ. ವಿಠಲಣ್ಣನ ಜನವೇ ಹೇಳಿದ್ದು."

ಸುಳ್ಳು ಬೆದರಿಕೆ ಅಲ್ಲ ಅದು. ಐಸಮ್ಮ ತಾವೇ ಮೊದಲು ಕೊಟ್ಟಿದ್ದ ದೂರಿಗೆ, ಮನೆಯಲ್ಲಿ ಯಾರೂ ಸರಿಯಾಗಿ ವಾಸವಿಲ್ಲ ಎಂದು ವಿಠಲಣ್ಣನ ವಕೀಲರು ಆಗಲೇ ಉತ್ತರ ಕೊಟ್ಟಿದ್ದರು. ಐಸಮ್ಮ ಅಲ್ಲಿ ಮಲಗಿದರೆ ಜೀವಕ್ಕೆ ಅಪಾಯ, ಹೊರಟರೆ ಮನೆಯೇ ಕೈತಪ್ಪುವ ಅಪಾಯ. ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

"ಅಕ್ಕ, ಅವರು ಹೋದರೆ ಕೇಸು ಹೋಗ್ತದಲ್ಲ?"

"ಹೋಗ್ಲಿಕ್ಕೂ ಸಾಕು. ಕೇಸು ಹೋದರೆ ಇನ್ನೊಂದು ಹಾಕುವ ಮಾರಾಯ. ಐಸಮ್ಮನನ್ನು ಇನ್ನೊಂದು ತರ್ಲಿಕ್ಕೆ ಆಗ್ತದಾ?" ಎಂದು ಐಸಮ್ಮನ ಕಡೆ ತಿರುಗಿದರು. "ಒಂದು ಪಾತ್ರೆಯನ್ನೂ ತೆಗೀಬೇಡಿ. ಒಲೆ, ಚಾಪೆ, ಕೊಡಪಾನ ಎಲ್ಲ ಇದ್ದಲ್ಲೇ ಇರ್ಲಿ. ಬೀಗ ಹಾಕಿ ಕೀ ನಿಮ್ಮ ಹತ್ರವೇ ಇಟ್ಟುಕೊಳ್ಳಿ. ಹೊರಡಿ."

ಐಸಮ್ಮ ಅತ್ತರು. ಆದರೆ ಹೊರಟರು.

ವಿಚಾರಣೆಗೆ ನಾನೂ ಹೋಗಿದ್ದೆ, ಜಾಗದ ನಕ್ಷೆ ಮಾಡಿಕೊಟ್ಟವನು ಎಂದು. ಎದುರು ವಕೀಲರು ನಿಂತ ಕೂಡಲೇ ಹೇಳಿದರು, ಆ ಮನೆಯಲ್ಲಿ ಈಗ ಯಾರೂ ಮಲಗುವುದೇ ಇಲ್ಲ. ದೇವಕಿಯಕ್ಕ ಅಧಿಕಾರಿಯನ್ನು ನೋಡಿದರು.

"ಸಾರ್, ನಿಮ್ಮ ಮನೆಯವರು ಬಾಣಂತನಕ್ಕೆ ತಾಯಿಮನೆಗೆ ಹೋಗಿದ್ರಾ?"

"ಹೋಗದೆ ಮತ್ತೆ? ಐದು ತಿಂಗಳು ನಾನು ಹೋಟೆಲಿನಲ್ಲೇ."

"ಆಗ ನಿಮ್ಮ ಮನೆ ಅವರ ವಾಸದ ಮನೆ ಅಲ್ಲ ಅಂತ ಆಯ್ತಾ?"

"ಹಾಗೆ ಹೇಳಿದ್ರೆ ನನಗೆ ಇವತ್ತು ಊಟ ಸಿಗ್ಲಿಕ್ಕಿಲ್ಲ ಮೇಡಂ."

ಎಲ್ಲರೂ ನಕ್ಕರು, ವಿಠಲಣ್ಣನೂ. ದೇವಕಿಯಕ್ಕ ನಗಲಿಲ್ಲ.

"ಹೆದರಿ ಬೇರೆ ಕಡೆ ಮಲಗುದು ಮನೆ ಬಿಟ್ಟದ್ದು ಅಲ್ಲ ಸಾರ್. ಹೆದರಿಸಿದವರೇ ಬಂದು ಮನೆ ಖಾಲಿ ಅಂತ ಹೇಳಿದ್ರೆ ಅದಕ್ಕೆ ಈ ಪುಟದಲ್ಲಿ ಜಾಗ ಇಲ್ಲ."

ಸ್ಥಳ ನೋಡಿ ಆದೇಶ ಮಾಡುತ್ತೇನೆ ಎಂದರು ಅಧಿಕಾರಿ.

ನೋಡಲು ಹೋದ ದಿನ ಬೆಳಗ್ಗೆ ಮಳೆ ಬಿಟ್ಟಿತ್ತು. ನಾವೆಲ್ಲ ಮನೆಯ ಮುಂದಿನ ಓಣಿಯಲ್ಲಿ ನಿಂತಿದ್ದೆವು. ಐಸಮ್ಮ ವಿಟ್ಲದಿಂದ ಬಂದಿದ್ದರು. ಬಂದವರಿಗೆ ಬಾಗಿಲು ತೆಗೆದು ತೋರಿಸಬೇಕೆಂದು ಕೀ ಹಿಡಿದು ಮುಂದೆ ಹೋದರು. ದೇವಕಿಯಕ್ಕ ಅವರ ಕೈ ಹಿಡಿದರು.

"ಒಳಗೆ ನೋಡ್ಬೇಕಲ್ಲ ಮೇಡಂ," ಎಂದರು ಅಧಿಕಾರಿ. "ವಾಸದ ಗುರುತು ಉಂಟಾ ಅಂತ."

"ಅಡಿಗೆಕೋಣೆಯ ಕಿಟಿಕಿ ತೆರೆದುಂಟು ಸಾರ್. ಒಲೆ ಇಲ್ಲಿಂದಲೇ ಕಾಣ್ತದೆ. ಇವರು ಒಳಗೆ ಹೋಗುದು ಬೇಡ."

ಅಧಿಕಾರಿ ಕತ್ತು ಉದ್ದ ಮಾಡಿ ನೋಡಿದರು. ನಾನೂ ಆ ಕಿಟಿಕಿಯನ್ನೇ ನೋಡುತ್ತಿದ್ದೆ. ಒಲೆಯ ಪಕ್ಕದಲ್ಲಿ ಕೊಡಪಾನ ಇತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಅಕ್ಕಿಮೂಟೆ ಜಾರಿದಂಥ ಒಂದು ಸದ್ದು ಕೆಳಗಿನಿಂದ ಬಂತು. ಆಮೇಲೆ ಆ ಕಿಟಿಕಿ ಓರೆಯಾಯಿತು. ಆಮೇಲೆ ಅಲ್ಲಿ ಕಿಟಿಕಿ ಇರಲಿಲ್ಲ. ಅದರ ಜಾಗದಲ್ಲಿ ದೂರದ ತೆಂಗಿನಮರಗಳು ಕಾಣುತ್ತಿದ್ದವು. ಕೊಡಪಾನವೊಂದೇ ಕೆಳಗೆ ಉರುಳುತ್ತ ಹೋಗುವುದು ಬಹಳ ಹೊತ್ತು ಕೇಳಿತು.

ವಿಠಲಣ್ಣ ಓಣಿಯ ಬದಿಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಐಸಮ್ಮನ ಕೈಯಲ್ಲಿ ಕೀ ಇತ್ತು, ಆ ಕೈ ಇನ್ನೂ ದೇವಕಿಯಕ್ಕನ ಕೈಯಲ್ಲಿತ್ತು. ಇಂದಿಗೂ ಜೆಸಿಬಿಯ ಸದ್ದು ಕೇಳಿದರೆ ನಾನು ಹಾಕುತ್ತಿರುವ ಪ್ಲಾನಿನ ಗೆರೆ ತಪ್ಪುತ್ತದೆ.

ಆದೇಶ ಐಸಮ್ಮನ ಪರವಾಗಿ ಬಂತು. ಅದು ವಾಸದ ಮನೆಯೇ. ವಿಠಲಣ್ಣ ತಡೆಗೋಡೆ ಕಟ್ಟಬೇಕು, ಅಡಿಗೆಕೋಣೆಯನ್ನೂ ಕಟ್ಟಿಕೊಡಬೇಕು. ಅವರು ತಕರಾರಿಲ್ಲದೆ ಕಟ್ಟಿಸಿದರು. ಆದೇಶ ಕೈಗೆ ಬಂದ ದಿನ ಭಟ್ಟರು ಕೂಗಿದರು, "ಎರಡು ಚಮಚ ಅಲ್ವಾ ಅಕ್ಕ?"

"ಬೇಡ ಭಟ್ರೆ."

ಆಮೇಲೆ ಅಡ್ಡಗೋಡೆಯ ಆಚೆಯಿಂದ ನನ್ನನ್ನು ಕೇಳಿದರು. "ಅವತ್ತು ನಾನು ಪುಟ ಓದಿಕೊಂಡು ಕೂತಿದ್ರೆ ಎಂತ ಆಗ್ತಿತ್ತು ಮಾರಾಯ?"

ಕಳೆದ ವರ್ಷ ಅವರಿಗೆ ಸೌಖ್ಯ ತಪ್ಪಿತು. ತಂಗಿ ಬಂದು ಪಂಜಕ್ಕೆ ಕರೆದುಕೊಂಡು ಹೋದರು. ಹೊರಡುವಾಗ ಒಂದು ಸೀರೆ, ಒಂದು ಚೊಂಬು ಬಿಟ್ಟರೆ ಏನನ್ನೂ ಒಯ್ಯಲಿಲ್ಲ. ನಾನು ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದರು, ಬಹಳ ಸಣ್ಣಗಾಗಿದ್ದರು.

"ಕೋಣೆ ಬೇರೆಯವರಿಗೆ ಕೊಟ್ರಾ?"

"ಇಲ್ಲ ಅಕ್ಕ."

"ಕೊಡ್ಲಿಕ್ಕೆ ಬಿಡಬೇಡ. ಇಲ್ಲಿ ನಾನು ಬಾಣಂತನಕ್ಕೆ ಬಂದದ್ದು," ಎಂದು ಕೆಮ್ಮುತ್ತ ನಕ್ಕರು. ತಂಗಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾವು ಮತ್ತೆ ಸಿಗಲಿಲ್ಲ.

ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ತಂಗಿ ಆ ಕೋಣೆಯ ಕೀ ನನಗೆ ಕಳಿಸಿದರು. ಕಟ್ಟಡದ ಯಜಮಾನರು ಮೇಲೆ ಬಂದು, ತಪ್ಪು ತಿಳಿಯಬೇಡಿ ಎನ್ನುವ ದನಿಯಲ್ಲಿ ಹೇಳಿದರು, "ಕೋಣೆ ಖಾಲಿ ಉಂಟಲ್ಲ, ಒಬ್ಬರು ಕೇಳ್ತಾ ಇದ್ದಾರೆ."

ಬೀಗ ತೆಗೆದೆ. ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು. ಒಲೆಯ ಮೇಲೆ ಚಾದ ಪಾತ್ರೆ ತೊಳೆದು ಕವುಚಿ ಇಟ್ಟಿತ್ತು. ಪಕ್ಕದಲ್ಲಿ ಸಕ್ಕರೆಯ ಡಬ್ಬಿ, ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

"ಖಾಲಿ ಇಲ್ಲ," ಎಂದೆ. "ಈ ಮಳೆಗಾಲ ಒಂದು ಕಳೀಲಿ."

ಅವರು ಒಲೆಯನ್ನು ನೋಡಿದರು, ನನ್ನನ್ನು ನೋಡಿದರು. ಹೊಸ್ತಿಲ ಒಳಗೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಆಯ್ತು," ಎಂದರು. ನಾನು ಬೀಗ ಹಾಕಿದೆ.